ಮೊಂಡ ಬೊಗಳಲಿಲ್ಲ

ಕೆಂಕೆರೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಜಯಕ್ಕನ ಗಂಟಲಿಗೆ ಮೈಕು ಬೇಕಿಲ್ಲ. ಅಡುಗೆಕೋಣೆಯ ಬಾಗಿಲಲ್ಲಿ ನಿಂತು "ಸಾಲು!" ಎಂದರೆ ಮಕ್ಕಳ ಮಾತಿರಲಿ, ಮೇಷ್ಟ್ರುಗಳೂ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅಂಥ ಗಂಟಲನ್ನು ಅವಳು ಭಾನುವಾರ ಮಧ್ಯಾಹ್ನ ಕೆರೆಯಂಗಳಕ್ಕೆ ಒಯ್ದು ನಾಯಿಗಳ ಮೇಲೆ ಬಿಡತೊಡಗಿದಾಗ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ, ಈಕೆ ನಾಯಿಗಳಿಗೆ ಕುಂಟೆಬಿಲ್ಲೆ ಕಲಿಸುತ್ತಾಳಂತೆ ಎಂದರು. ನಕ್ಕವರಲ್ಲಿ ಅರ್ಧ ಜನ ಮುಂದಿನ ಭಾನುವಾರ ತಮ್ಮ ತಮ್ಮ ನಾಯಿ ಹಿಡಿದುಕೊಂಡು ಏರಿಯ ಮೇಲೆ ನಿಂತಿದ್ದರು.

ಆಟವೆಂದರೆ ಏನು ಮಹಾ! ಮೂರು ಕರಟ ಬೋರಲು ಹಾಕಿ ಒಂದರ ಕೆಳಗೆ ಕೊಬ್ಬರಿ ಚೂರು ಇಡುವುದು. ಸರಿಯಾದ ಕರಟವನ್ನೇ ನಾಯಿ ಮೂಗಿನಿಂದ ಉರುಳಿಸಿದರೆ ಗೆಲುವು, ಮೂರನ್ನೂ ಉರುಳಿಸಿದರೆ ಯಜಮಾನ ಎಲ್ಲರೆದುರು ಬಸ್ಕಿ ಹೊಡೆಯಬೇಕು. ತಮಟೆ ಬಡಿಯುವಷ್ಟು ಹೊತ್ತು ನಾಯಿಯೂ ಯಜಮಾನನೂ ಸುತ್ತು ಹಾಕಬೇಕು, ತಮಟೆ ನಿಂತ ಕೂಡಲೇ ಇಬ್ಬರೂ ಕೂತುಬಿಡಬೇಕು. ಹುಳಿಯಾರಿನ ನರ್ಸ್ ಪವಿತ್ರಾ ತನ್ನ ಬಿಳಿ ಪೊಮೆರೇನಿಯನ್ ಎತ್ತಿಕೊಂಡು ಬರತೊಡಗಿದ ಮೇಲೆ ಇನ್ನೊಂದು ಸೇರಿತು. ಕೆಮ್ಮಣ್ಣು ಕಲಸಿ, ಗೋಣಿಚೀಲ ಹಾಸಿ, ನಾಯಿಯ ಹೆಜ್ಜೆಯ ಪಕ್ಕದಲ್ಲಿ ಯಜಮಾನನ ಅಂಗೈ ಒತ್ತಿಸುವುದು. ಆ ಚೀಲಗಳು ಎಷ್ಟೋ ಮನೆಗಳ ಬಾಗಿಲಿಗೆ ಪರದೆಯಾಗಿವೆ. ಕಷ್ಟದ ಆಟವೆಂದರೆ ಕೈ ಬದಲಿಸುವುದು. ನಿನ್ನ ನಾಯಿಯ ಹಗ್ಗ ನನಗೆ, ನನ್ನದು ನಿನಗೆ. ಏರಿಯ ಆ ತುದಿ ಮುಟ್ಟಿ ಗುರುಗುಟ್ಟದೆ ವಾಪಸ್ಸು ಬರಬೇಕು. ಮೊದಮೊದಲು ನಾಯಿಗಳಿಗಿಂತ ಯಜಮಾನರೇ ಹೆಚ್ಚು ಗುರುಗುಟ್ಟುತ್ತಿದ್ದರು.

ಇದನ್ನೆಲ್ಲ ಅವಳು ಶೋಕಿಗೆ ಕಟ್ಟಿದ್ದಲ್ಲ. ಮೇಲಿನ ಹಟ್ಟಿ, ಕೆಳಗಿನ ಹಟ್ಟಿ ಎರಡರ ಕುರಿಮಂದೆಗಳೂ ಒಂದೇ ಕೆರೆಗೆ ನೀರಿಗಿಳಿಯುತ್ತವೆ. ಮಂದೆಗಳು ಎದುರಾದರೆ ಕಾವಲು ನಾಯಿಗಳು ಕಚ್ಚಾಡುತ್ತವೆ, ನಾಯಿಗಳು ಕಚ್ಚಾಡಿದರೆ ಗಂಡಸರು ದೊಣ್ಣೆ ಎತ್ತುತ್ತಾರೆ. ಎರಡು ವರ್ಷದ ಹಿಂದೆ ಹಾಗೆ ಎದುರಾದಾಗ ಕೆಳಗಿನ ಹಟ್ಟಿಯ ಜಯಕ್ಕನ ನಾಯಿ ಚೆಲುವ ಸತ್ತ. ಕೊಂದದ್ದು ಮೇಲಿನ ಹಟ್ಟಿಯ ಮೊಂಡ, ಅವಳ ಒಡಹುಟ್ಟಿದ ಅಣ್ಣ ಕ್ಯಾತಣ್ಣನ ನಾಯಿ. ಚಿರತೆ ಕತ್ತಿಗೆ ಬಾಯಿ ಹಾಕದಿರಲೆಂದು ಮಂದೆಯ ನಾಯಿಗಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುವುದುಂಟು. ಆವತ್ತು ಮೊಂಡನ ಕೊರಳಲ್ಲಿ ಅದಿತ್ತು, ಚೆಲುವನ ಕೊರಳಲ್ಲಿ ಇರಲಿಲ್ಲ. ಕ್ಯಾತಣ್ಣ ಕೆರೆಯ ತೂಬಿನ ಹತ್ತಿರ ದೊಣ್ಣೆಗೆ ಗಲ್ಲ ಊರಿ ನಿಂತು, "ನಾಯಿ ನಾಯಿ ಕಚ್ಚಾಡುವಾಗ ಮನುಷ್ರು ನಡುವೆ ಹೋಗ್ಬಾರ್ದು ಕಣಮ್ಮಿ" ಎಂದಿದ್ದ. ಜಯಕ್ಕನ ಗಂಡ ತೀರಿಕೊಂಡ ಮೇಲೆ ಮನೆಬಾಗಿಲಲ್ಲಿ ಮಲಗುತ್ತಿದ್ದ ಒಂದೇ ಜೀವ ಚೆಲುವ. ಸೆರಗಿನಲ್ಲಿ ಸುತ್ತಿ ಹೊತ್ತು ತಂದು ಹೂತಳು. ಅಲ್ಲಿಂದ ಅಣ್ಣನ ಹೊಸಿಲು ತುಳಿದಿಲ್ಲ, ಅವನ ಜೊತೆ ಮಾತಿಲ್ಲ, ಅತ್ತಿಗೆ ಹುಚ್ಚಕ್ಕನ ಜೊತೆಗೂ ಇಲ್ಲ.

ಜುಟ್ಟು ಹಿಡಿದು ಕಿತ್ತಾಡಿದ ಮಕ್ಕಳು ಒಂದೇ ಗುಂಪಿನಲ್ಲಿ ಕಬಡ್ಡಿ ಆಡಿದ ಮೇಲೆ ಮತ್ತೆ ಅಷ್ಟು ಸುಲಭಕ್ಕೆ ಕಿತ್ತಾಡುವುದಿಲ್ಲ ಎಂಬುದನ್ನು ಜಯಕ್ಕ ಅನ್ನ ಬಡಿಸುತ್ತ ನೋಡಿದ್ದಳು. ನಾಯಿಗಳೂ ಹಾಗೆಯೇ ಇರಬಹುದು ಎಂದುಕೊಂಡಳು. ಇನ್ನೊಂದು ನಾಯಿ ಹಾಗೆ ಸಾಯಬಾರದು ಎಂಬುದಷ್ಟೇ ಅವಳ ಲೆಕ್ಕ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಯಾರೂ ಕರೆಯದೆ ಕ್ಯಾತಣ್ಣ ಆಟಕ್ಕೆ ಬಂದ. ಮಗ ಜುಂಜೇಶ ಲಗೇಜ್ ಆಟೋದಲ್ಲಿ ಕರೆತಂದಿದ್ದ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಮೊಂಡನ ಹಗ್ಗ.

"ಏನಮ್ಮಿ, ನಿನ್ ನಾಯಿ ಇಸ್ಕೂಲಲ್ಲಿ ನಮ್ಮೋನಿಗೂ ಒಂದ್ ಸೀಟ್ ಐತಾ?"

ಜಯಕ್ಕನಿಗೆ ಅಳುವೂ ಸಿಟ್ಟೂ ಒಟ್ಟಿಗೆ ನುಗ್ಗಿ ಬಂದವು. ಅಣ್ಣನ ಗಡ್ಡ ಬೆಳ್ಳಗಾಗಿತ್ತು. ಅವನ ಕಾಲಬುಡದಲ್ಲಿ ನಿಂತಿದ್ದ ನಾಯಿಯನ್ನು ನೋಡಿದರೆ ಮೈ ಉರಿಯುತ್ತಿತ್ತು.

"ಮುಳ್ಳುಪಟ್ಟಿ ಬಿಚ್ಚು. ಇಲ್ಲಿ ಯಾವ ನಾಯಿಗೂ ಅದಿಲ್ಲ" ಎಂದಳು.

"ಪಟ್ಟಿ ಬಿಚ್ಚಿದ್ರೆ ನಮ್ಮೋನ್ ಮರ್ವಾದೆ ಬಿಚ್ದಂಗೆ. ಹೋಗ್ತೀನಿ ಬುಡು."

ಬೇರೆಯವರು ಹೀಗೆಂದಿದ್ದರೆ ಕೆರೆಯಾಚೆಗೆ ಅಟ್ಟುತ್ತಿದ್ದಳು. ಅಣ್ಣ ತಿರುಗಿ ಹೊರಟದ್ದನ್ನು ನೋಡಿ ಅವಳ ಕಟ್ಟಳೆಯೆಲ್ಲ ಸಡಿಲಾಯಿತು. "ಇರ್ಲಿ, ನಿಲ್ಲಣ್ಣ" ಎಂದುಬಿಟ್ಟಳು. ಕೈ ಬದಲಿಸುವ ಆಟಕ್ಕೂ ಅವನು ಒಪ್ಪಲಿಲ್ಲ. "ಇನ್ನೊಬ್ರ ಕೈಗೆ ಹೋಗೋ ನಾಯಿ ಅಲ್ಲ ಇದು" ಎಂದು ಮೀಸೆ ತಿರುವಿದ. ಜಯಕ್ಕ ಅದನ್ನೂ ನುಂಗಿಕೊಂಡಳು.

ಕೊನೆಯದು ಕಣ್ಣಾಮುಚ್ಚಾಲೆ. ಯಜಮಾನರು ಏರಿಯ ಕೆಳಗಿನ ಭೀಮರಾಜುವಿನ ತೆಂಗಿನ ತೋಟದಲ್ಲಿ ಅಡಗಬೇಕು, ಒಂದೊಂದೇ ನಾಯಿಯನ್ನು ಬಿಡಬೇಕು, ನಾಯಿ ಹುಡುಕಿ ಬೊಗಳಿದರೆ ಇಬ್ಬರೂ ಜೊತೆಯಾಗಿ ಬರಬೇಕು. ಕ್ಯಾತಣ್ಣ ಮೊಂಡನನ್ನು ಹೊಂಗೆಮರಕ್ಕೆ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ ಕಟ್ಟಿದ. "ನಾನು ಅಡಗಿದ್ರೆ ನನ್ ನಾಯೀನೂ ಕಣ್ ಕಣ್ ಬುಡ್ಬೇಕು, ಅಂಗೆ ಕೂರ್ತೀನಿ" ಎಂದು ಕಂಬಳಿ ಕೊಡವಿಕೊಂಡು ತೋಟಕ್ಕಿಳಿದ.

ಒಬ್ಬೊಬ್ಬರಾಗಿ ಎಲ್ಲರೂ ಸಿಕ್ಕಿದರು. ಭೀಮರಾಜು ಸೋಗೆ ರಾಶಿಯೊಳಗಿಂದ ಸೀನುತ್ತ ಎದ್ದು ಬಂದ. ಪವಿತ್ರಾಳ ಪೊಮೆರೇನಿಯನ್ ಅವಳನ್ನು ಬಿಟ್ಟು ಮತ್ತೊಬ್ಬರನ್ನು ಹುಡುಕಿ ಕೊಟ್ಟಿತು. ಎಲ್ಲರೂ ನಗುತ್ತಿರುವಾಗ ಜಯಕ್ಕ ಮರದ ಹಿಂದೆ ನಿಂತು ಹಗ್ಗದ ತುದಿ ಎಳೆದಳು. ಮೊಂಡ ಮೂಗು ಎತ್ತಿದ, ಒಂದೇ ಓಟಕ್ಕೆ ತೋಟದೊಳಗೆ ಮಾಯವಾದ.

ಬೊಗಳಿದ್ದು ಕೇಳಲಿಲ್ಲ. ಮೊದಲು ತಮಾಷೆ ಮಾಡಿದರು. ಅಪ್ಪ ಮಗನಂತೆ ಇಬ್ಬರೂ ಮನೆಗೆ ಹೋಗಿ ಮುದ್ದೆ ತಿನ್ನುತ್ತಿರಬೇಕು ಎಂದ ಒಬ್ಬ. ತಮಟೆ ಬಡಿದು ಆಟ ಮುಗಿಯಿತೆಂದು ಸಾರಿದರು, ಹೆಸರು ಹಿಡಿದು ಕೂಗಿದರು. ತೋಟದಿಂದ ಗರಿಗಳ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಆಗ ಭೀಮರಾಜು ಮೆಲ್ಲಗೆ, "ಹೋದ್ ತಿಂಗ್ಳು ಇದೇ ತೋಟ್ದಲ್ಲಿ ಚಿರತೆ ಮೇಕೆ ಎತ್ಕೊಂಡ್ ಹೋಗಿತ್ತು ಜಯಕ್ಕ" ಎಂದ.

ಎಲ್ಲರೂ ತೋಟಕ್ಕೆ ನುಗ್ಗಿದರು. ಜುಂಜೇಶ "ಅಪ್ಪಾ" ಎಂದು ಕೂಗುತ್ತ ಓಡಿದ. ಜಯಕ್ಕ ಓಡುತ್ತಲೇ ಲೆಕ್ಕ ಹಾಕಿದಳು. ಚಿರತೆ ಬಂದಿದ್ದರೆ ಮೊಂಡ ಊರು ಎಬ್ಬಿಸುತ್ತಿದ್ದ; ಅಣ್ಣನನ್ನು ಹುಡುಕಿದ್ದರೆ ಬೊಗಳುತ್ತಿದ್ದ; ಹುಡುಕದಿದ್ದರೆ ವಾಪಸ್ಸು ಬರುತ್ತಿದ್ದ. ಈ ಮೂರೂ ಆಗಿಲ್ಲ.

"ಲೇ ಜುಂಜ, ನಿಮ್ಮಪ್ಪ ಹೊದ್ದಿದ್ ಕಂಬಳಿ ಯಾವ್ದ್ಲಾ?"

"ಅದ್ಯಾಕತ್ತೆ ಈಗ? ಹೊಸದು. ಇನ್ನೂ ನೀರಿಗೆ ಹಾಕಿಲ್ಲ, ಕುರಿ ವಾಸ್ನೆ ಅಂತ ಅವ್ವ ಒಳಗೇ ಬುಡ್ತಿಲ್ಲ."

ಜಯಕ್ಕ ನಿಂತಲ್ಲೇ ನಿಂತಳು. ಅಣ್ಣ ಮಾಡಿದ್ದು ಕುರಿ ಕಾಯುವವರಷ್ಟೇ ಮಾಡಬಲ್ಲ ಕಿಲಾಡಿತನ. ತನ್ನ ವಾಸನೆ ಮುಚ್ಚಲು ಕುರಿಯ ವಾಸನೆ ಹೊದ್ದು ಮಲಗಿದ್ದಾನೆ. ಆದರೆ ಮಂದೆಯ ನಾಯಿಗೆ ಕುರಿಯನ್ನು ಹುಡುಕಿ ಬೊಗಳುವ ಪಾಠವಿಲ್ಲ. ಮಂದೆಯಿಂದ ಹಿಂದುಳಿದ ಕುರಿ ಎಲ್ಲಾದರೂ ಬಿದ್ದಿದ್ದರೆ ಅದರ ಪಕ್ಕ ಸದ್ದಿಲ್ಲದೆ ಕೂರುತ್ತದೆ. ಮಂದೆ ಬರುವ ತನಕ ಕದಲುವುದಿಲ್ಲ, ಯಾರನ್ನೂ ಹತ್ತಿರಕ್ಕೆ ಬಿಡುವುದಿಲ್ಲ. ಹಾಗಾದರೆ ಮೊಂಡ ಕಾವಲು ಕೂತಿದ್ದಾನೆ. ಅಣ್ಣ ಮಾತ್ರ ಯಾಕೆ ಎದ್ದು ಬರುತ್ತಿಲ್ಲ?

"ಕೂಗ್ಬೇಡಿ. ಸುಮ್ಕೆ ಮರದ್ ಬುಡ ಬುಡ ನೋಡಿ" ಎಂದಳು.

ಹಾಳುಬಿದ್ದ ಮೋಟಾರ್ ಮನೆಯ ಹಿಂದೆ ಸಿಕ್ಕರು. ಹಳೇ ತೆಂಗಿನಮರದ ಬುಡದಲ್ಲಿ ಕಂಬಳಿಯ ಕಪ್ಪು ಗುಡ್ಡೆ, ಅದಕ್ಕೆ ಒತ್ತಿಕೊಂಡು ಮೊಂಡ. ಪಕ್ಕದಲ್ಲಿ ಒಣಗಿದ ದೊಡ್ಡ ಕಾಯಿ ಬಿದ್ದಿತ್ತು. ಕಂಬಳಿಯ ಅಂಚಿನಿಂದ ರಕ್ತ ಇಳಿದು ಮಣ್ಣು ಕೆಂಪಾಗಿತ್ತು. ತೆಂಗಿನಕಾಯಿಗೆ ಕಣ್ಣಿದೆ, ಅದು ಯಾರ ತಲೆ ಮೇಲೂ ಬೀಳುವುದಿಲ್ಲ ಎಂದು ಈ ಸೀಮೆಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಹೇಳಿರುತ್ತಾರೆ. ಕ್ಯಾತಣ್ಣ ಅದನ್ನೇ ನಂಬಿ ಮುಸುಕು ಹಾಕಿ ಕೂತಿದ್ದ.

ಜುಂಜೇಶ ಮುಂದೆ ಧಾವಿಸಿದ. ಮೊಂಡ ಎದ್ದು ನಿಂತು ಹಲ್ಲು ಬಿಟ್ಟ. ಇನ್ನೊಂದು ಹೆಜ್ಜೆ ಇಟ್ಟದ್ದಕ್ಕೆ ಹಾರಿ ಬಂದು ಪ್ಯಾಂಟು ಹರಿದ, ಮತ್ತೆ ಹೋಗಿ ಕಂಬಳಿಯ ಮೇಲೆ ಕಾಲಿಟ್ಟು ನಿಂತ. ಮೊಂಡನಿಗೆ ಮನೆಯಲ್ಲಿ ನೋಡಿದ ಹುಡುಗನೇ ಆದರೂ ಜುಂಜೇಶ ಆಟೋ ಓಡಿಸುವವನು, ಮಂದೆಯ ಹಿಂದೆ ನಡೆದವನಲ್ಲ. ಕೊರಳಿಗೆ ಹಗ್ಗ ಎಸೆದು ಎಳೆಯೋಣವೆಂದರೆ ಮುಳ್ಳುಪಟ್ಟಿ.

"ಕಂಬಳಿ ಅಲ್ಲಾಡ್ತಾ ಐತೆ. ಉಸ್ರು ಐತೆ" ಎಂದಳು ಪವಿತ್ರಾ. "ಆದ್ರೆ ರಕ್ತ ನಿಲ್ಲಿಸ್ಬೇಕು ಜಯಕ್ಕ, ಆಸ್ಪತ್ರೆಗೆ ಹೋಗ್ಬೇಕು. ತಡ ಮಾಡಂಗಿಲ್ಲ."

ಭೀಮರಾಜು ಮೋಟಾರ್ ಮನೆಯಿಂದ ಹಾರೆ ತಂದ. ಜುಂಜೇಶ ಅಲ್ಲೇ ಇದ್ದ ಸೋಗೆ ಕಡಿಯುವ ಮಚ್ಚು ಎತ್ತಿಕೊಂಡ. ಎಲ್ಲರೂ ಜಯಕ್ಕನ ಮುಖ ನೋಡಿದರು. ಆಟ ಅವಳದು, ಅಣ್ಣ ಅವಳವನು. ಹೊಡೀರಿ ಎಂಬ ಮೂರಕ್ಷರ ಅವಳ ನಾಲಿಗೆಯ ತುದಿಯಲ್ಲಿತ್ತು. ಎರಡು ವರ್ಷ ಕನಸಿನಲ್ಲಿ ಹೇಳಿಕೊಂಡ ಮಾತು ಅದು. ಈಗ ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ, ಅಣ್ಣನ ಪ್ರಾಣ ಉಳಿಸಿದಳೆಂದೇ ಅನ್ನುತ್ತಾರೆ. ಆ ಕ್ಷಣದಲ್ಲಿ ಅವಳಿಗೆ ಖುಷಿಯೇ ಆಯಿತು, ಸುಳ್ಳು ಯಾಕೆ.

ಮೊಂಡನ ಮುಂಗಾಲುಗಳು ಅಣ್ಣನ ಎದೆಯ ಮೇಲಿದ್ದವು. ಹೊಡೆತ ಬಿದ್ದರೆ ಅದು ಬಿಟ್ಟು ಓಡುವ ನಾಯಿಯಲ್ಲ, ಅಲ್ಲೇ ಆ ಮೈಯ ಮೇಲೆಯೇ ಹೊರಳಾಡುತ್ತದೆ. ಮಚ್ಚು ಯಾರಿಗೆ ಬೀಳುತ್ತದೋ, ಮುಳ್ಳು ಯಾರ ಮುಖಕ್ಕೆ ಚುಚ್ಚುತ್ತದೋ. ಬಾಯಿಗೆ ಬಂದದ್ದನ್ನು ನುಂಗಿದಳು.

"ಮಚ್ಚು ಇಳಿಸ್ಲಾ. ಮಂದೆ ಎಲ್ಲೈತೆ?"

"ಅವ್ವ ಕೆರೆಯಾಚೆ ಮೇಯಿಸ್ತಾ ಅವ್ಳೆ. ಅವ್ವ ಕರುದ್ರೂ ಇದು ಬರಾಕಿಲ್ಲ ಅತ್ತೆ, ಅಪ್ಪನ್ ಮಾತೊಂದೇ ಕೇಳೋದು."

"ಅವ್ವನ್ನಲ್ಲ, ಕುರಿ ಕರೀಬೇಕು."

ಫೋನು ತಾನೇ ಮಾಡಿದಳು. ನಿಜ ಹೇಳಿದರೆ ಹುಚ್ಚಕ್ಕ ಕುರಿ ಬಿಟ್ಟು ಎದೆ ಬಡಿದುಕೊಂಡು ಓಡಿಬರುತ್ತಾಳೆ, ಆಗ ಎಲ್ಲ ಕೆಟ್ಟಂತೆ. "ಅತ್ತಿಗೆ, ನಾನು ಜಯ. ಭೀಮರಾಜಣ್ಣನ್ ತೋಟಕ್ಕೆ ಗೊಬ್ರ ಬೇಕಂತೆ, ದುಡ್ ಕೊಟ್ಟು ಮಂದೆ ನಿಲ್ಲಿಸ್ಕೊತಾರಂತೆ. ಇನ್ನೊಬ್ರು ಬರೋದ್ರೊಳ್ಗೆ ಹೊಡ್ಕೊಂಡ್ ಬಾ. ಓಡಿಸ್ಕೊಂಡ್ ಬಾ."

ಹುಚ್ಚಕ್ಕ, "ನೀನಾ ಜಯ? ಈಗ್ಲೇ ಬಂದೆ ಕಣವ್ವ" ಎಂದಳು. ಅವಳ ದನಿಯಲ್ಲಿದ್ದ ಸಂತೋಷ ಕೇಳಲಾರದೆ ಜಯಕ್ಕ ಫೋನು ಇಟ್ಟುಬಿಟ್ಟಳು.

ಕಾಯುವುದು ಅಂದರೆ ಏನೆಂದು ಅವತ್ತು ಗೊತ್ತಾಯಿತು. ಕಂಬಳಿ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಒಮ್ಮೆ ಇಳಿದದ್ದು ಏಳಲೇ ಇಲ್ಲವೆನಿಸಿ ಪವಿತ್ರಾ ಕೈ ಬಾಯಿಗೆ ಹಿಡಿದಳು. ಜುಂಜೇಶನಿಗೆ ತಡೆಯಲಾಗಲಿಲ್ಲ, ಮಚ್ಚು ಎತ್ತಿಕೊಂಡು ಮುನ್ನುಗ್ಗಿದ. ಜಯಕ್ಕ ಅಡ್ಡ ನಿಂತಳು, ಮೊಂಡನಿಗೆ ಬೆನ್ನು ಕೊಟ್ಟು.

"ದಾರಿ ಬುಡತ್ತೆ! ನಿನ್ ನಾಯಿ ಸತ್ತಿದ್ ಹಗೆ ತೀರಿಸ್ಕೊಳ್ತಾ ಇದ್ದೀಯ. ನಮ್ಮಪ್ಪ ಸಾಯ್ಲಿ ಅಂತ್ಲೇ ನಿಂತಿದ್ದೀಯ!"

ಬೆನ್ನ ಹಿಂದೆ ಗುರುಗುಟ್ಟುವ ಸದ್ದು, ಮುಂದೆ ಮಚ್ಚು. ಆ ಮಾತು ಎರಡಕ್ಕಿಂತ ಆಳಕ್ಕೆ ಹೋಯಿತು. "ನಿಮ್ಮಪ್ಪ ನಿನಗಿಂತ ಮುಂಚೆ ನನ್ ಅಣ್ಣ ಕಣ್ಲಾ" ಎಂದಳು. "ಹೋಗೋದಾದ್ರೆ ನನ್ನ ಕಡ್ದು ಹೋಗು."

ಅಷ್ಟರಲ್ಲಿ ಏರಿಯ ಕಡೆಯಿಂದ ಗಂಟೆ ಸದ್ದು ಕೇಳಿತು.

ಕುರಿಗಳು ಧೂಳೆಬ್ಬಿಸಿಕೊಂಡು ಮರಗಳ ನಡುವೆ ಹರಿದು ಬಂದವು. ಮೊಂಡನ ಕಿವಿ ನಿಮಿರಿತು. ಕಂಬಳಿಯಿಂದ ಇಳಿದ, ಮಂದೆಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದ. ಮೊಂಡ ತಿರುಗಿ ನೋಡಿದ, ಬಂದು ಕಂಬಳಿಯನ್ನು ಮೂಗಿನಿಂದ ತಳ್ಳಿದ. ಏಳು, ಮಂದೆ ಬಂತು ಎಂಬಂತೆ ಮತ್ತೊಮ್ಮೆ ತಳ್ಳಿದ. ಕಂಬಳಿ ಏಳಲಿಲ್ಲ. ಮೊಂಡ ಮತ್ತೆ ಅದಕ್ಕೆ ಒತ್ತಿಕೊಂಡು ಕೂತುಬಿಟ್ಟ.

ಕಂಬಳಿ ಏಳದೆ ಅವನು ಏಳುವುದಿಲ್ಲ. ಜಯಕ್ಕನಿಗೆ ಅದು ಅರ್ಥವಾದ ಕೂಡಲೇ ಯೋಚನೆ ಮಾಡಲಿಲ್ಲ, ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿ, ಕುರಿಗಳ ನಡುವೆ ಅಂಬೆಗಾಲಿಟ್ಟು ಹೊರಟಳು. ಗೊರಸು ಕೈ ತುಳಿದವು, ಉಣ್ಣೆ ಮುಖಕ್ಕೆ ಉಜ್ಜಿತು. ಕುರಿಗಳ ಜೊತೆ ಕುರಿಯಂತೆ ತಳ್ಳಿಸಿಕೊಳ್ಳುತ್ತ ಮರದ ಬುಡ ಮುಟ್ಟಿದಳು. ಮೊಂಡನ ಬಿಸಿಯುಸಿರು ಕೆನ್ನೆಗೆ ತಾಗಿತು. ತಲೆ ಎತ್ತದೆ ಕಂಬಳಿಯ ಅಂಚು ಹಿಡಿದು ಮೆಲ್ಲಗೆ ತನ್ನ ಮೇಲೆ ಎಳೆದುಕೊಂಡಳು. ಅಣ್ಣನ ಮುಖ ಬಿಳಿಚಿತ್ತು, ಕಣ್ಣು ಅರೆ ಮುಚ್ಚಿತ್ತು. ಅವನನ್ನು ಅಲ್ಲೇ ಬಿಟ್ಟು ಕಂಬಳಿಯೊಂದಿಗೆ ಹೊರಳಿ ಅಂಬೆಗಾಲಲ್ಲೇ ಮಂದೆಯೊಳಗೆ ನಡೆದಳು. ಅಣ್ಣನ ರಕ್ತ ಅವಳ ಕತ್ತಿನ ಮೇಲೆ ಇಳಿಯುತ್ತಿತ್ತು.

ಕಂಬಳಿ ಎದ್ದಿತು, ನಡೆಯಿತು. ಮೊಂಡ ಎದ್ದು ಹಿಂದೆ ಬಂದ. ಎರಡು ಮರ ದಾಟುವಷ್ಟರಲ್ಲಿ ಅವನ ಹೆಜ್ಜೆ ನಿಂತದ್ದು ಅವಳಿಗೆ ತಿಳಿಯಿತು. ಹಿಂದೆ ಪಿಸುಮಾತು, ಗಂಡಸರು ಕಾಲು ಎತ್ತಿಡುವ ಸದ್ದು. ನಾಯಿ ತಿರುಗಿದರೆ ಮುಗಿಯಿತು. ಊರು ಸಾಲು ನಿಲ್ಲಿಸುವ ಆ ಗಂಟಲನ್ನು ಜಯಕ್ಕ ಹಿಂಡಿ ಸಣ್ಣದು ಮಾಡಿ, ಹಿಂದುಳಿದ ಕುರಿಯಂತೆ ಅರಚಿದಳು. ಮತ್ತೊಮ್ಮೆ ಅರಚಿದಳು. ಮೊಂಡ ಓಡಿ ಬಂದು ಅವಳ ಹಿಮ್ಮಡಿ ಕಚ್ಚಿ ಮುಂದಕ್ಕೆ ದೂಡಿದ. ಮುಳ್ಳುಪಟ್ಟಿ ಮೀನಖಂಡ ಗೀರಿತು. ನೋವಿಗೆ ಕಣ್ಣಲ್ಲಿ ನೀರು ಬಂದರೂ ತಲೆ ಎತ್ತಲಿಲ್ಲ.

ಕಂಬಳಿಯೊಳಗೆ ಅವಳಿಗೆ ಕೇಳಿಸಿದ್ದಿಷ್ಟು. ಹುಚ್ಚಕ್ಕ "ಅಯ್ಯೋ ನನ್ನಪ್ಪಾ" ಎಂದು ಕಿರುಚಿದ್ದು, ಪವಿತ್ರಾ "ಕತ್ತು ಅಲ್ಲಾಡಿಸ್ಬೇಡಿ, ತಲೆ ಹಿಡ್ಕೊಳಿ" ಎಂದದ್ದು, ಆಟೋ ಸ್ಟಾರ್ಟ್ ಆದದ್ದು, ಆ ಸದ್ದು ಹುಳಿಯಾರಿನ ರಸ್ತೆ ಹಿಡಿದು ಸಣ್ಣದಾಗಿ ಇಲ್ಲವಾದದ್ದು. ಅಣ್ಣ ಬದುಕಿದ್ದಾನೋ ಇಲ್ಲವೋ ಹೇಳುವವರು ಯಾರೂ ಉಳಿದಿರಲಿಲ್ಲ. ಎಲ್ಲರೂ ಅವನ ಹಿಂದೆ ಹೋಗಿದ್ದರು. ಉಳಿದದ್ದು ಅವಳು, ಕುರಿಗಳು, ಮೊಂಡ.

ಮೇಲಿನ ಹಟ್ಟಿಗೆ ದಾರಿ ಕುರಿಗಳಿಗೇ ಗೊತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು ಕಂಬಳಿ ಸರಿಸಿ ನೆಟ್ಟಗೆ ನಿಂತಳು. ಕಚ್ಚುವುದಾದರೆ ಕಚ್ಚಲಿ ಎನ್ನುವಷ್ಟು ಸುಸ್ತಾಗಿತ್ತು. ಮೊಂಡ ಕಂಬಳಿಯನ್ನು ಮೂಸಿದ, ಅವಳನ್ನು ಮೂಸಿದ, ತಲೆ ತಗ್ಗಿಸಿ ಮಂದೆಯ ಹಿಂಬದಿಗೆ ಹೋದ. ರೊಪ್ಪಕ್ಕೆ ಕುರಿ ತುಂಬಿ ಬಾಗಿಲು ಹಾಕಿ, ಅಣ್ಣನ ಜಗಲಿಯ ಮೇಲೆ ಕುಸಿದು ಕೂತಳು. ಕಾಲು ತೊಳೆದುಕೊಳ್ಳಬೇಕು, ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಎಂಬುದು ನೆನಪಿತ್ತು, ಏಳಲಾಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಜುಂಜೇಶ, ಹುಳಿಯಾರಿನವರು ಕಳಿಸಿದ ತಿಪಟೂರಿನ ಆಸ್ಪತ್ರೆಯಿಂದ.

"ಅತ್ತೆ... ಅಪ್ಪ ಕಣ್ ಬುಟ್ಟ. ತಲೆಗೆ ಹೊಲಿಗೆ ಹಾಕವ್ರೆ, ಸ್ಕ್ಯಾನಿಂಗೂ ಆಯ್ತು, ಒಳ್ಗೆ ಏನೂ ಆಗಿಲ್ವಂತೆ." ಅವನು ಮೂಗು ಒರೆಸಿಕೊಂಡ ಸದ್ದು ಬಂತು. "ಆಗ್ಲೇ ಅಂದಿದ್ದು ಮನಸ್ಸಿಗಾಕ್ಕೋಬೇಡತ್ತೆ. ತಗೋ, ಅಪ್ಪ ಮಾತಾಡ್ಬೇಕಂತೆ."

ಉಸಿರಾಡುವ ಸದ್ದು ಮೊದಲು ಬಂತು, ಆಮೇಲೆ ಮಾತು. "ನಾಯಿ ಹೊಡುದ್ರಾ ಅಮ್ಮಿ?"

"ಇಲ್ಲಣ್ಣ. ಇಲ್ಲೇ ಐತೆ." ಅಲ್ಲಿಗೇ ನಿಲ್ಲಿಸಬಹುದಿತ್ತು. ಜಯಕ್ಕನಿಗೆ ಸುಳ್ಳು ಒಳ್ಳೆಯತನ ಹೊತ್ತುಕೊಳ್ಳುವುದು ಬೇಡವಾಗಿತ್ತು. "ಹೊಡೀರಿ ಅಂತ ಹೇಳೋಳಿದ್ದೆ. ಬಾಯಿಗ್ ಬಂದಿತ್ತು. ಹೇಳ್ಲಿಲ್ಲ, ಅಷ್ಟೇಯ."

ಹೇಳಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಹೇಳಿದ್ರೂ ತಪ್ಪಿರ್ಲಿಲ್ಲ ಕಣಮ್ಮಿ" ಎಂದ ಕ್ಯಾತಣ್ಣ.

ಜಯಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಚೆಲುವ ಸತ್ತ ದಿನ ತೂಬಿನ ಹತ್ತಿರ ನಿಂತು ಅವನಾಡದ ಮಾತಿಗಾಗಿ ಅವಳು ಎರಡು ವರ್ಷ ಕಾದಿದ್ದಳು, ಅದು ಇಷ್ಟು ಸಣ್ಣ ಮಾತಾಗಿ ಬಂದಿತ್ತು. ಅಳು ನಿಂತ ಮೇಲೆ ಒಳಗೆ ಹೋಗಿ ಅತ್ತಿಗೆಯ ಒಲೆ ಹಚ್ಚಿ ಮುದ್ದೆಗೆ ನೀರಿಟ್ಟಳು. ಮೊಂಡನೂ ಬೆಳಗಿನಿಂದ ಏನೂ ತಿಂದಿರಲಿಲ್ಲ.